ಸ್ಕ್ಯಾನ್ ನಡುವೆ ಡ್ರೈವ್ ಎರರ್ ಬಂದರೆ ಏನರ್ಥ?

ಸ್ಪೈವೇರ್ ಇದೆಯೇನೋ ಅಂತ ಅನುಮಾನ ಬಂದು ಕಂಪ್ಯೂಟರ್ ಅನ್ನು ಸ್ಕ್ಯಾನ್‌ಗೆ ಹಾಕುತ್ತೀರಿ. ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಮೇಲೆ ಒಂದು ಪೆಟ್ಟಿಗೆ: ‘ಡ್ರೈವ್‌ನಲ್ಲಿ ಡಿಸ್ಕ್ ಇಲ್ಲ, ಡಿಸ್ಕ್ ಹಾಕಿ’. ಯಾವ ಡಿಸ್ಕ್? ನೀವೇನೂ ಹಾಕಿಯೇ ಇಲ್ಲ, ತೆಗೆದೂ ಇಲ್ಲ. ಕ್ಯಾನ್ಸಲ್ ಒತ್ತಿದರೆ ಹೋಗಿ ಮತ್ತೆ ಬರುತ್ತದೆ. ಇನ್ನು ಕೆಲವರ ಸ್ಕ್ಯಾನ್ ಒಂದೇ ಫೈಲ್ ಹತ್ತಿರ ಗಂಟೆಗಟ್ಟಲೆ ನಿಂತು, ಕೊನೆಗೆ ‘ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅಂತ ಹೇಳಿ ಕೈಚೆಲ್ಲುತ್ತದೆ.

ತುಮಕೂರಿನ ಬಿ.ಎಚ್. ರಸ್ತೆ ಇರಲಿ, ತಿಪಟೂರು, ಶಿರಾ, ಮಧುಗಿರಿ ಇರಲಿ, ರಿಪೇರಿ ಅಂಗಡಿಗೆ ಬರುವವರ ಬಾಯಲ್ಲಿ ಎರಡೇ ಮಾತು. ‘ಸಾರ್, ವೈರಸ್ ಜೋರಾಗಿ ಹೊಡೆದಿದೆ.’ ‘ಫಾರ್ಮ್ಯಾಟ್ ಮಾಡಿಕೊಡಿ.’ ಎರಡೂ ಅವಸರದ ಮಾತು. ಸ್ಕ್ಯಾನ್ ನಡುವೆ ಬರುವ ಡ್ರೈವ್ ಎರರ್‌ಗೂ ಸ್ಪೈವೇರ್‌ಗೂ ಬಹಳ ಸಲ ಸಂಬಂಧವೇ ಇರುವುದಿಲ್ಲ. ಆ ಎರರ್ ಯಾವ ಜಾತಿಯದು ಅಂತ ಗೊತ್ತಾಗುವ ಮುಂಚೆ ಏನಾದರೂ ಮಾಡಲು ಹೋದರೆ, ವೈರಸ್ ಮುಟ್ಟದ ಫೈಲುಗಳನ್ನು ನಾವೇ ಕಳೆದುಕೊಳ್ಳುತ್ತೇವೆ.

ಮೊದಲು, ಸ್ಕ್ಯಾನರ್ ಮಾಡುವ ಕೆಲಸ ಏನು ನೋಡೋಣ. ಸ್ಪೈವೇರ್ ಅಂದರೆ ನಮಗೆ ಗೊತ್ತಿಲ್ಲದೆ ಒಳಗೆ ಕೂತು, ನಾವು ಟೈಪ್ ಮಾಡಿದ್ದು, ನೋಡಿದ್ದು, ಪಾಸ್‌ವರ್ಡ್ ಎಲ್ಲವನ್ನೂ ಯಾರಿಗೋ ಕಳಿಸುವ ಪ್ರೋಗ್ರಾಮ್. ಇದನ್ನು ಹಿಡಿಯಲು 1999ರಲ್ಲಿ ಆಡ್-ಅವೇರ್, 2000ದಲ್ಲಿ ಸ್ಪೈಬಾಟ್ ಬಂದವು. 2004ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೈಂಟ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡಿತು. ಅವರ ಆಂಟಿ-ಸ್ಪೈವೇರ್ ಬೆಳೆದು ವಿಂಡೋಸ್ ಡಿಫೆಂಡರ್ ಆಯಿತು. ವಿಂಡೋಸ್ 8ರಿಂದ ಈಚೆಗೆ ಅದು ವೈರಸ್ ಕೆಲಸವನ್ನೂ ನೋಡಿಕೊಳ್ಳುತ್ತಿದೆ. ಇವೆಲ್ಲ ಮೆಮೊರಿ, ರಿಜಿಸ್ಟ್ರಿ (ವಿಂಡೋಸ್ ಮತ್ತು ಪ್ರೋಗ್ರಾಮ್‌ಗಳ ಸೆಟ್ಟಿಂಗ್ ಬರೆದಿಡುವ ಕಡತ), ಕಂಪ್ಯೂಟರ್ ಆನ್ ಆದಾಗ ತಾನೇ ಏಳುವ ಪ್ರೋಗ್ರಾಮ್‌ಗಳ ಸ್ಟಾರ್ಟ್‌ಅಪ್ ಪಟ್ಟಿ, ಬ್ರೌಸರ್ ನೋಡುತ್ತವೆ. ಕ್ವಿಕ್ ಸ್ಕ್ಯಾನ್ ಸುಮಾರಾಗಿ ಅಲ್ಲಿಗೇ ಮುಗಿಯುತ್ತದೆ. ಫುಲ್ ಸ್ಕ್ಯಾನ್ ಹಾಗಲ್ಲ, ಒಂದೊಂದು ಡ್ರೈವ್‌ನ ಒಂದೊಂದು ಫೈಲನ್ನೂ ತೆರೆದು ಓದುತ್ತದೆ.

ಇದು ಮನೆ ಮನೆ ಗಣತಿ ಇದ್ದ ಹಾಗೆ. ಮೇಷ್ಟ್ರು ಪಟ್ಟಿ ಹಿಡಿದು ಬೀದಿಯ ಎಲ್ಲ ಬಾಗಿಲು ತಟ್ಟುತ್ತಾರೆ. ಕೆಲವು ಬಾಗಿಲಿಗೆ ನಂಬರ್ ಇದೆ, ಒಳಗೆ ಯಾರೂ ಇಲ್ಲ. ಕೆಲವಕ್ಕೆ ಬೀಗ. ಕೆಲವು ಮನೆಗಳ ಗೋಡೆಯೇ ಬಿದ್ದಿದೆ. ಗೋಡೆ ಬಿದ್ದಿದ್ದಕ್ಕೆ ಮೇಷ್ಟ್ರು ಕಾರಣ ಅಲ್ಲ ಅಲ್ವಾ? ಅವರು ಹೋಗಿ ನೋಡಿದ್ದಕ್ಕೆ ನಮಗೆ ಗೊತ್ತಾಯಿತು, ಅಷ್ಟೆ. ಡ್ರೈವ್ ಎರರ್‌ಗಳೂ ಹೆಚ್ಚುಕಮ್ಮಿ ಈ ಮೂರು ಜಾತಿಗೇ ಸೇರುತ್ತವೆ. ನಾಲ್ಕನೆಯದು ಒಂದಿದೆ, ಅದು ಮೋಸದ್ದು. ಅದಕ್ಕೆ ಆಮೇಲೆ ಬರೋಣ.

ಅಕ್ಷರ ಇದೆ, ಡಿಸ್ಕ್ ಇಲ್ಲ

ಮದುವೆ ಫೋಟೋ ತೆಗೆಯುವ ಸ್ಟುಡಿಯೋಗಳಲ್ಲಿ ಇದು ಜಾಸ್ತಿ. ಕಾರಣ ಅಲ್ಲಿರುವ ಕಾರ್ಡ್ ರೀಡರ್. ನಾಲ್ಕೈದು ಬಗೆಯ ಮೆಮೊರಿ ಕಾರ್ಡ್ ಹಿಡಿಸುವ ರೀಡರ್ ಹಾಕಿದರೆ, ವಿಂಡೋಸ್ ಅದರ ಒಂದೊಂದು ತೂತಿಗೂ ಒಂದೊಂದು ಅಕ್ಷರ ಕೊಡುತ್ತದೆ: ಇ, ಎಫ್, ಜಿ, ಎಚ್. ಕಾರ್ಡ್ ಇರಲಿ ಬಿಡಲಿ, ಅಕ್ಷರ ಮಾತ್ರ ಖಾಯಂ. ಎ ಮತ್ತು ಬಿ ಅಕ್ಷರಗಳನ್ನು ಫ್ಲಾಪಿಗೆ ಮೀಸಲಿಟ್ಟ ಕಾಲದಿಂದಲೂ ಇದೇ ಪದ್ಧತಿ. ಫ್ಲಾಪಿ ಹೊರಗಿದ್ದರೂ ಡ್ರೈವ್ ಇದ್ದೇ ಇರುತ್ತಿತ್ತು. ಸ್ಕ್ಯಾನರ್ ಹೋಗಿ ಎಫ್ ಬಾಗಿಲು ತಟ್ಟುತ್ತದೆ. ಒಳಗೆ ಏನೂ ಇಲ್ಲ. ಆಗ ವಿಂಡೋಸ್ ತಾನೇ ಮುಂದೆ ಬಂದು ‘ಡಿಸ್ಕ್ ಹಾಕಿ’ ಅನ್ನುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಈ ಪೆಟ್ಟಿಗೆಯಲ್ಲಿ ಸಿ0000013 ಅನ್ನುವ ಸಂಖ್ಯೆಯೂ ಇರುತ್ತಿತ್ತು. ಸಾಧನದಲ್ಲಿ ಮಾಧ್ಯಮ ಇಲ್ಲ ಅನ್ನುವುದಷ್ಟೇ ಅದರ ಅರ್ಥ. ಗಾಬರಿ ಹುಟ್ಟಿಸುವಂಥ ಸಂಖ್ಯೆ, ವಿಷಯ ಮಾತ್ರ ಸಪ್ಪೆ.

ನಿಜ ಹೇಳಬೇಕೆಂದರೆ ಇದು ಸ್ಕ್ಯಾನರ್ ಬರೆದವರ ಉದಾಸೀನ. ‘ಖಾಲಿ ಡ್ರೈವ್ ಸಿಕ್ಕರೆ ಬಳಕೆದಾರನನ್ನು ಕೇಳಬೇಡ, ನನಗೆ ಹೇಳು, ನಾನು ಮುಂದಕ್ಕೆ ಹೋಗುತ್ತೇನೆ’ ಅಂತ ವಿಂಡೋಸ್‌ಗೆ ಹೇಳಿಡುವ ವ್ಯವಸ್ಥೆ ಪ್ರೋಗ್ರಾಮ್ ಬರೆಯುವವರಿಗೆ ಇದೆ. ಅದನ್ನು ಬಳಸಿದ ಸ್ಕ್ಯಾನರ್‌ಗಳಲ್ಲಿ ಈ ಪೆಟ್ಟಿಗೆ ಬರುವುದೇ ಇಲ್ಲ. ಬಳಸದವುಗಳಲ್ಲಿ ಬರುತ್ತದೆ. ಹಾಗಾಗಿ ಸ್ಕ್ಯಾನರ್‌ನ ಹೊಸ ಆವೃತ್ತಿ ಹಾಕಿಕೊಂಡರೇ ಎಷ್ಟೋ ಕಡೆ ಕಾಟ ತಪ್ಪುತ್ತದೆ.

ಕಾರ್ಡ್ ರೀಡರ್ ಇಲ್ಲದವರಿಗೂ ಇದು ಬರುವುದುಂಟು. ಆಗ ಕಾರಣ ಹಳೆಯ ಜಾಡು. ಯಾವತ್ತೋ ಪೆನ್‌ಡ್ರೈವ್‌ನಿಂದ ಒಂದು ಪ್ರೋಗ್ರಾಮ್ ಹಾಕಿರುತ್ತೀರಿ. ಅದು ‘ಎಫ್ ಡ್ರೈವ್‌ನಿಂದ ಬಂದೆ’ ಅಂತ ರಿಜಿಸ್ಟ್ರಿಯಲ್ಲಿ ಬರೆದಿಟ್ಟಿರುತ್ತದೆ. ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್, ಈಚೆಗೆ ತೆರೆದ ಫೈಲ್‌ಗಳ ಪಟ್ಟಿ, ಸ್ಟಾರ್ಟ್‌ಅಪ್ ಸಾಲು, ಇವೆಲ್ಲ ಈಗ ಇಲ್ಲದ ಡ್ರೈವ್‌ನ ವಿಳಾಸ ಹಿಡಿದುಕೊಂಡಿರುತ್ತವೆ. ಸ್ಪೈವೇರ್ ಅಡಗುವುದು ಇಂಥ ಕಡೆಯೇ ಆದ್ದರಿಂದ ಸ್ಕ್ಯಾನರ್ ಒಂದೊಂದು ವಿಳಾಸವನ್ನೂ ಹುಡುಕಿಕೊಂಡು ಹೋಗುತ್ತದೆ. ಒಂದು ಕಾಲದಲ್ಲಿ ಹಳ್ಳಿಗಳಲ್ಲೆಲ್ಲ ಇಂಟರ್ನೆಟ್‌ಗೆ ಬಳಸುತ್ತಿದ್ದ ಡಾಂಗಲ್ ನೆನಪಿದೆಯಾ? ಚುಚ್ಚಿದ ಕೂಡಲೇ ಅದು ತನ್ನನ್ನು ಒಂದು ಸಿಡಿ ಡ್ರೈವ್ ಅಂತ ತೋರಿಸಿಕೊಂಡು, ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತಿತ್ತು. ಡಾಂಗಲ್ ಮೂಲೆ ಸೇರಿದ ಮೇಲೂ ಅದರ ಸುಳ್ಳು ಸಿಡಿ ಡ್ರೈವ್‌ನ ವಿಳಾಸ ಹಳೇ ಕಂಪ್ಯೂಟರ್‌ಗಳಲ್ಲಿ ಉಳಿದುಬಿಡುತ್ತದೆ.

ಪರಿಹಾರ ಸುಲಭ. ಹೊರಗಿನ ರೀಡರ್ ಆದರೆ ಸ್ಕ್ಯಾನ್ ಮುಗಿಯುವ ತನಕ ಕಿತ್ತಿಡಿ. ಒಳಗೇ ಕೂರಿಸಿದ್ದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಎನೇಬಲ್ ಮಾಡಿ. ಅಥವಾ ಕಸ್ಟಮ್ ಸ್ಕ್ಯಾನ್ ಆರಿಸಿ, ನಿಜವಾದ ಡ್ರೈವ್‌ಗಳಿಗೆ ಮಾತ್ರ ಟಿಕ್ ಹಾಕಿ. ರೀಡರ್ ಬಳಸುವುದೇ ಇಲ್ಲ ಅಂದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಆ ಅಕ್ಷರವನ್ನೇ ತೆಗೆದುಬಿಡಬಹುದು. ಸ್ಟುಡಿಯೋದವರು ಮಾತ್ರ ಇದನ್ನು ಮಾಡಬೇಡಿ. ಆಮೇಲೆ ಮದುವೆ ಮನೆಯಿಂದ ಕಾರ್ಡ್ ತಂದು ಹಾಕಿದರೆ ಕಂಪ್ಯೂಟರ್‌ನಲ್ಲಿ ಏನೂ ಕಾಣುವುದಿಲ್ಲ, ಕಾರ್ಡೇ ಕೆಟ್ಟಿತು ಅಂದುಕೊಳ್ಳುತ್ತೀರಿ.

ರಿಜಿಸ್ಟ್ರಿಯಲ್ಲಿ ಎರರ್‌ಮೋಡ್ ಅನ್ನುವ ಸಾಲಿನ ಅಂಕಿಯನ್ನು 2 ಮಾಡಿ, ಪೆಟ್ಟಿಗೆ ಬರುವುದೇ ನಿಲ್ಲುತ್ತದೆ ಅನ್ನುವ ಸಲಹೆ ಬಹಳ ಹಳೆಯದು. ನಿಲ್ಲುವುದು ನಿಜ. ಆದರೆ ಅದರ ಜೊತೆಗೆ ಅದೇ ಬಗೆಯ ನಿಜವಾದ ಎಚ್ಚರಿಕೆಗಳೂ ಬಾಯಿ ಮುಚ್ಚಿಕೊಳ್ಳುತ್ತವೆ. ನನ್ನ ಕೇಳಿದರೆ ಅದು ಬೇಡ.

ಬೀಗ ಹಾಕಿದ ಕಡೆ

‘ಆಕ್ಸೆಸ್ ಡಿನೈಡ್’, ‘ಪಾಸ್‌ವರ್ಡ್ ಇದೆ, ಓದಲಾಗಲಿಲ್ಲ’, ‘ಫೈಲ್ ಬಳಕೆಯಲ್ಲಿದೆ’. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅನ್ನುವ ಫೋಲ್ಡರ್ ಮಾಮೂಲಿ ಬಳಕೆದಾರರಿಗೆ ತೆರೆಯುವುದಿಲ್ಲ. ಮೆಮೊರಿ ಸಾಲದಾಗ ಬಳಸುವ ಪೇಜ್ ಫೈಲನ್ನು ವಿಂಡೋಸ್ ಯಾವಾಗಲೂ ತಾನೇ ಹಿಡಿದುಕೊಂಡಿರುತ್ತದೆ. ಬಿಟ್‌ಲಾಕರ್ ಅನ್ನುವ ವಿಂಡೋಸ್ ಬೀಗ ಹಾಕಿದ ಡ್ರೈವ್ ಅದನ್ನು ತೆಗೆಯುವ ತನಕ ಓದಲು ಸಿಗುವುದಿಲ್ಲ. ಇದೆಲ್ಲ ಇರಬೇಕಾದ್ದೇ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಮಾತ್ರ ಒಂದನ್ನು ತೆಗೆಯಿರಿ. ಒಂದೇ ಫೈಲಿಗೆ ಎರಡೂ ಕೈ ಹಾಕಿ, ಎಳೆದಾಡಿ, ಇಲ್ಲದ ಎರರ್ ಹುಟ್ಟಿಸುತ್ತವೆ.

ಡಿಸ್ಕೇ ಸೋಲುತ್ತಿರುವಾಗ

ನಿಜವಾಗಿ ಭಯಪಡಬೇಕಾದ್ದು ಇದಕ್ಕೆ. ಗುರುತು ಹೀಗಿರುತ್ತದೆ: ಸ್ಕ್ಯಾನ್ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಇಡೀ ಕಂಪ್ಯೂಟರ್ ಸ್ತಬ್ಧವಾಗುತ್ತದೆ, ಮೌಸ್ ಕೂಡ ತಡವರಿಸುತ್ತದೆ. ಹಾರ್ಡ್ ಡಿಸ್ಕ್ ಇದ್ದರೆ ಒಳಗಿನಿಂದ ಟಿಕ್ ಟಿಕ್ ಸದ್ದು ಬರಬಹುದು. ಸಂದೇಶ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅನ್ನುತ್ತದೆ, ಇಲ್ಲವೇ ‘ಐ/ಒ ಡಿವೈಸ್ ಎರರ್’ ಅನ್ನುತ್ತದೆ.

ಡಿಸ್ಕ್ ಮೇಲಿನ ಜಾಗವನ್ನು ಸೆಕ್ಟರ್ ಅನ್ನುವ ಸಣ್ಣ ತುಂಡುಗಳಾಗಿ ಮಾಡಿರುತ್ತಾರೆ. ಹಿಂದೆ ಒಂದೊಂದು 512 ಬೈಟ್ ಇರುತ್ತಿತ್ತು, ಈಚಿನ ಡಿಸ್ಕ್‌ಗಳಲ್ಲಿ 4096. ಪ್ರತಿ ತುಂಡಿನ ಜೊತೆಗೂ ಅದರ ಡೇಟಾದಿಂದಲೇ ಲೆಕ್ಕ ಹಾಕಿದ ತಾಳೆಯ ಅಂಕಿಗಳನ್ನು ಬರೆದಿಟ್ಟಿರುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಸಣ್ಣ ತಪ್ಪಾದರೆ ತಾನೇ ಸರಿ ಮಾಡಿಕೊಳ್ಳುತ್ತದೆ. ದೊಡ್ಡದಾದರೆ ಮತ್ತೆ ಮತ್ತೆ ಓದಿ ನೋಡುತ್ತದೆ. ಕಂಪ್ಯೂಟರ್ ಸ್ತಬ್ಧವಾದಂತೆ ಕಾಣುವುದು ಈ ಹೊತ್ತಿನಲ್ಲೇ. ಕೊನೆಗೂ ತಾಳೆ ಆಗಲಿಲ್ಲ ಅಂದರೆ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅನ್ನುವ ಎರರ್ ಕೊಡುತ್ತದೆ. ಹೀಗೆ ಓದಲಾಗದ ತುಂಡೇ ಬ್ಯಾಡ್ ಸೆಕ್ಟರ್.

ಹಾಗಾದರೆ ನಿನ್ನೆ ತನಕ ಚೆನ್ನಾಗಿತ್ತಲ್ಲ, ಸ್ಕ್ಯಾನ್ ಮಾಡಿದ ಮೇಲೆಯೇ ಕೆಟ್ಟಿತು ಅಂತ ಜನ ಹೇಳುವುದೇಕೆ? ತಿಪಟೂರಿನ ಕೊಬ್ಬರಿ ಮಂಡಿಯ ಒಂದು ಲೆಕ್ಕದ ಕಂಪ್ಯೂಟರ್ ಊಹಿಸಿಕೊಳ್ಳಿ. ದಿನಾ ತೆರೆಯುವುದು ಈ ವರ್ಷದ ಲೆಕ್ಕ ಮಾತ್ರ. ಏಳೆಂಟು ವರ್ಷದ ಹಿಂದಿನ ಖಾತೆಗಳು, ರೈತರ ಪಹಣಿಯ ಸ್ಕ್ಯಾನ್ ಪ್ರತಿಗಳು, ಮಗನ ಕಾಲೇಜು ಪ್ರಾಜೆಕ್ಟು, ಇವನ್ನು ಯಾರೂ ಮುಟ್ಟಿರುವುದಿಲ್ಲ. ಆ ಜಾಗ ಯಾವತ್ತೋ ಕೆಟ್ಟಿರುತ್ತದೆ. ಫುಲ್ ಸ್ಕ್ಯಾನ್ ಮೊದಲ ಸಲ ಅಲ್ಲಿಗೆ ಕೈ ಹಾಕಿದಾಗ ಗುಟ್ಟು ಹೊರಗೆ ಬೀಳುತ್ತದೆ. ಒಂದು ಮಾತು ಮಾತ್ರ ನಿಜ: ಸೋಲುತ್ತಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಎಡೆಬಿಡದೆ ಓದಿಸುವುದು ಭಾರವೇ. ಅದಕ್ಕೇ ಇಂಥ ಎರರ್ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸ್ಕ್ಯಾನ್ ನಿಲ್ಲಿಸುವುದು.

ಎರಡನೆಯದು, ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡುವುದು. ಮುಖ್ಯವಾದವು ಮೊದಲು. ಲೆಕ್ಕದ ಡೇಟಾ, ದಾಖಲೆ, ಫೋಟೋ, ಆಮೇಲೆ ಉಳಿದಿದ್ದು. ಸಿನಿಮಾ ಕೊನೆಗೆ. ಯಾವುದಾದರೂ ಫೈಲ್ ಹತ್ತಿರ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ.

ಇಲ್ಲಿ ಒಂದು ಜಗಳ ಇದೆ. ಡ್ರೈವ್ ಎರರ್ ಅಂದ ತಕ್ಷಣ ‘ಚೆಕ್ ಡಿಸ್ಕ್ ಹಾಕಿ’ ಅನ್ನುವವರೇ ಜಾಸ್ತಿ. ಸಿ ಎಚ್ ಕೆ ಡಿ ಎಸ್ ಕೆ ಅಂತ ಟೈಪ್ ಮಾಡುವ ಆ ಕಮಾಂಡ್ ಒಳ್ಳೆಯದೇ. ಆದರೆ ಅದಕ್ಕೆ ಎರಡು ಮುಖ. ಓರೆಗೀಟಿನ ಜೊತೆ ಎಫ್ ಹಾಕಿದರೆ ಅದು ಫೈಲ್ ವ್ಯವಸ್ಥೆಯ ಲೆಕ್ಕಪುಸ್ತಕ ಮಾತ್ರ ಸರಿ ಮಾಡುತ್ತದೆ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಹದಗೆಟ್ಟಾಗ ಇದು ಬೇಕು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಸಾಮಾನ್ಯವಾಗಿ ಕೆಡುವುದು ಈ ಪಟ್ಟಿಯೇ, ಡಿಸ್ಕ್ ಅಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲು. ಆರ್ ಹಾಕಿದರೆ ಅದು ಇಡೀ ಡಿಸ್ಕ್‌ನ ಒಂದೊಂದು ಸೆಕ್ಟರನ್ನೂ ಓದುತ್ತದೆ. ದೊಡ್ಡ ಹಾರ್ಡ್ ಡಿಸ್ಕ್ ಆದರೆ ರಾತ್ರಿಯಿಡೀ ಆದರೂ ಮುಗಿಯದು. ಸಾಯುತ್ತಿರುವ ಡಿಸ್ಕ್‌ಗೆ ಕಾಪಿ ತೆಗೆಯುವ ಮುಂಚೆ ಇದನ್ನು ಹಾಕಿದರೆ, ಉಳಿದಿದ್ದ ಉಸಿರೂ ಅದರಲ್ಲೇ ಹೋಗಬಹುದು. ಕಾಪಿ ಮೊದಲು, ಚೆಕ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ.

ಪಟ್ಟಿ ಕೆಟ್ಟಿದೆಯೋ ಡಿಸ್ಕೇ ಕೆಟ್ಟಿದೆಯೋ ತಿಳಿಯುವುದು ಹೇಗೆ? ವಿಂಡೋಸ್ ತಾನೇ ಡೈರಿ ಬರೆದಿಟ್ಟಿರುತ್ತದೆ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಸ್ಕ್ಯಾನ್ ನಿಂತ ಹೊತ್ತಿಗೆ ‘ಡಿಸ್ಕ್’ ಹೆಸರಲ್ಲಿ 7 ಅನ್ನುವ ಸಂಖ್ಯೆ ಇದ್ದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ ಅಂತ. 153 ಇದ್ದರೆ ಓದುವ ಕೆಲಸವನ್ನು ಮತ್ತೆ ಮಾಡಬೇಕಾಯಿತು ಅಂತ. ‘ಎನ್‌ಟಿಎಫ್‌ಎಸ್’ ಹೆಸರಲ್ಲಿ 55 ಇದ್ದರೆ ಫೈಲ್ ವ್ಯವಸ್ಥೆ ಹದಗೆಟ್ಟಿದೆ ಅಂತ.

ಡಿಸ್ಕ್ ಕೂಡ ತನ್ನ ಆರೋಗ್ಯದ ಲೆಕ್ಕ ಇಟ್ಟಿರುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಅದನ್ನು ತೋರಿಸುತ್ತದೆ. ಹಾರ್ಡ್ ಡಿಸ್ಕ್ ಆದರೆ ಸಾಲುಗಳಲ್ಲಿ ಮೂರನ್ನು ನೋಡಿದರೆ ಸಾಕು. 05 ಅನ್ನುವುದು ಕೆಟ್ಟು, ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಲೆಕ್ಕ. ಸಿ5 ಅನ್ನುವುದು ಅನುಮಾನದಲ್ಲಿರುವ, ಇನ್ನೂ ತೀರ್ಮಾನ ಆಗದ ಸೆಕ್ಟರ್‌ಗಳದು. ಇವು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಬೇರೆ ಮಾತಿಲ್ಲ. ಸಿ7 ಏರುತ್ತಿದ್ದರೆ ಸಮಾಧಾನ ಮಾಡಿಕೊಳ್ಳಿ, ಅದು ಸಾಮಾನ್ಯವಾಗಿ ಕೇಬಲ್‌ನ ತೊಂದರೆ. ಡಿಸ್ಕ್ ಚೆನ್ನಾಗಿದ್ದು, ನಡುವಿನ ಸಾಟಾ ಕೇಬಲ್ ಸಡಿಲವಾಗಿಯೋ ಹಳೆಯದಾಗಿಯೋ ಇರುತ್ತದೆ. ಹೊಸ ಕೇಬಲ್ ಹಾಕಿ ನೋಡಿ, ಡಿಸ್ಕ್‌ಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ಕೇಬಲ್ ಬದಲಿಸಿದ ಮೇಲೆ ಆ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಏರುವುದು ನಿಂತರೆ ಸರಿಯಾಯಿತು ಅಂತ.

ಎಸ್‌ಎಸ್‌ಡಿ ಇದ್ದವರಿಗೆ ಟಿಕ್ ಟಿಕ್ ಎಚ್ಚರಿಕೆ ಸಿಗುವುದಿಲ್ಲ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ದಿನ ಕಾಣಿಸುತ್ತದೆ, ಮರುದಿನ ಕಾಣಿಸುವುದೇ ಇಲ್ಲ. ಹೊರಗಿನ ಯುಎಸ್‌ಬಿ ಡಿಸ್ಕ್ ಸ್ಕ್ಯಾನ್ ನಡುವೆ ಮಾಯವಾಗುತ್ತಿದ್ದರೆ ಮೊದಲು ಹಬ್ ತೆಗೆದು ನೇರವಾಗಿ ಕಂಪ್ಯೂಟರ್‌ಗೇ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂದಿನ ತೂತಿಗೆ. ಎಷ್ಟೋ ಸಲ ಡಿಸ್ಕ್‌ಗೆ ಸಾಕಷ್ಟು ಪವರ್ ಸಿಗದೆ ಹೀಗಾಗುತ್ತದೆ.

ಎರರ್ ವೇಷದ ಕಳ್ಳ

ಈಗ ಆ ನಾಲ್ಕನೆಯದು. 2010-11ರ ಸುಮಾರಿಗೆ ಒಂದು ಮೋಸದ ಪ್ರೋಗ್ರಾಮ್‌ಗಳ ಕುಟುಂಬ ಹರಡಿತ್ತು. ಮೈಕ್ರೋಸಾಫ್ಟ್ ಅದಕ್ಕೆ ಫೇಕ್‌ಸಿಸ್‌ಡೆಫ್ ಅಂತ ಹೆಸರಿಟ್ಟಿತು. ಅದು ‘ಹಾರ್ಡ್ ಡಿಸ್ಕ್ ಕೆಟ್ಟಿದೆ, ಸೆಕ್ಟರ್ ಹೋಗಿವೆ’ ಅಂತ ಒಂದರ ಮೇಲೊಂದು ಎರರ್ ತೋರಿಸುತ್ತಿತ್ತು. ನಂಬಿಸಲು ನಿಮ್ಮ ಫೈಲ್‌ಗಳನ್ನೆಲ್ಲ ಹಿಡನ್ ಮಾಡುತ್ತಿತ್ತು. ಡೆಸ್ಕ್‌ಟಾಪ್ ಖಾಲಿ. ಆಮೇಲೆ ರಿಪೇರಿಗೆ ದುಡ್ಡು ಕೇಳುತ್ತಿತ್ತು. ಫೈಲ್‌ಗಳು ಇದ್ದ ಜಾಗದಲ್ಲೇ ಇರುತ್ತಿದ್ದವು, ಕಾಣುತ್ತಿರಲಿಲ್ಲ ಅಷ್ಟೆ. ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಮಾತ್ರ ತಾತ್ಕಾಲಿಕ ಫೈಲ್‌ಗಳನ್ನಿಡುವ ಟೆಂಪ್ ಫೋಲ್ಡರ್ ಒಳಗೆ ಬಚ್ಚಿಡುತ್ತಿತ್ತು. ‘ಮೊದಲು ಟೆಂಪ್ ಫೈಲ್ ಕ್ಲೀನ್ ಮಾಡೋಣ’ ಅಂತ ಹೊರಟವರು ಅವನ್ನು ತಾವೇ ಅಳಿಸಿಬಿಟ್ಟರು. ಅವಸರದ ರಿಪೇರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗಿನ ಮೋಸ ಬ್ರೌಸರ್ ಮೂಲಕ ಬರುತ್ತದೆ. ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, ಕೆಳಗೆ ಒಂದು ಫೋನ್ ನಂಬರ್. ಆ ನಂಬರೇ ಗುರುತು. ವಿಂಡೋಸ್‌ನ ನಿಜವಾದ ಎರರ್ ಸಂದೇಶದಲ್ಲಿ ಕರೆ ಮಾಡಿ ಅಂತ ಫೋನ್ ನಂಬರ್ ಇರುವುದಿಲ್ಲ. ಫೋನ್ ಮಾಡಬೇಡಿ, ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಇನ್ನು ನಿಜವಾದ ಸೋಂಕು ಡ್ರೈವ್ ಎರರ್ ತರುವುದೂ ಉಂಟು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವಲ್ಲ, ಅದು. ಪರೀಕ್ಷೆ ಅರ್ಜಿಯ ಕಾಲದಲ್ಲಿ ನೂರಾರು ಪೆನ್‌ಡ್ರೈವ್ ಒಂದೇ ಕಂಪ್ಯೂಟರ್‌ಗೆ ಚುಚ್ಚಿದರೆ ಇನ್ನೇನಾಗುತ್ತದೆ? ಮೂಲ ಫೋಲ್ಡರ್‌ಗಳು ಸಾಮಾನ್ಯವಾಗಿ ಹಿಡನ್ ಆಗಿ ಒಳಗೇ ಇರುತ್ತವೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಬೇಡಿ. ಫಾರ್ಮ್ಯಾಟ್ ಹೊಡೆಯಬೇಡಿ. ಮೊದಲು ಪೆನ್‌ಡ್ರೈವ್ ಸ್ಕ್ಯಾನ್ ಮಾಡಿಸಿ, ಆಮೇಲೆ ಹಿಡನ್ ಗುರುತು ತೆಗೆದರೆ ಫೋಲ್ಡರ್‌ಗಳು ವಾಪಸ್ ಕಾಣುತ್ತವೆ. ಕಂಪ್ಯೂಟರ್‌ಗೇ ಅಂಟಿದೆ ಅನಿಸಿದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಅದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುಂಚೆಯೇ ನೋಡುತ್ತದೆ. ಸುಮಾರು 15 ನಿಮಿಷದ ಕೆಲಸ. ಸ್ಪೈವೇರ್ ಎದ್ದು ಅಡ್ಡಗಾಲು ಹಾಕಲು ಆಗ ಅವಕಾಶ ಇರುವುದಿಲ್ಲ.

ಅಂಗಡಿಗೆ ಒಯ್ಯುವುದಾದರೆ ಎರರ್ ಸಂದೇಶದ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ. ಯಾವ ಫೈಲ್ ಹತ್ತಿರ ನಿಂತಿತು ಅನ್ನುವುದೂ ಅದರಲ್ಲಿ ಬರಲಿ. ‘ಡೇಟಾ ಬೇಕು, ಮೊದಲು ಕಾಪಿ ತೆಗೆಯಿರಿ’ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡುವುದೇ ವಾಡಿಕೆ, ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಇರುವುದು ಅದೇ ಸಿ ಒಳಗೆ. ಡಿಸ್ಕ್ ಬದಲಾಗಿ ಬಂದ ಮೇಲೆ, ಹಳೆಯದರಿಂದ ತೆಗೆದ ಫೈಲ್‌ಗಳನ್ನು ತೆರೆಯುವ ಮುಂಚೆ ಆ ಫೋಲ್ಡರ್‌ಗೆ ಒಂದು ಸ್ಕ್ಯಾನ್ ಹಾಕಿ. ಮೊದಲ ಸ್ಕ್ಯಾನ್ ಅರ್ಧಕ್ಕೇ ನಿಂತಿತ್ತು, ಅದು ಮುಟ್ಟದೆ ಬಿಟ್ಟ ಭಾಗದಲ್ಲಿ ಏನಿದೆಯೋ ಯಾರಿಗೆ ಗೊತ್ತು. ಹಳೇ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ನಿಮಗೆ ಓದಲಾಗದ ಡಿಸ್ಕ್‌ನಿಂದ ಸರಿಯಾದ ಸಲಕರಣೆ ಇದ್ದವರು ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಪ್ರತಿ ಎಲ್ಲ ಹೊರತೆಗೆಯಬಹುದು.